ಉಸಿರಿಗೂ ಬಿಡದ ಚಪ್ಪಾಳೆ

ಐದು ನಿಮಿಷದಲ್ಲಿ ಚೈಕೋವ್‌ಸ್ಕಿ, ಮೊಜಾರ್ಟ್, ಗರ್ಶ್ವಿನ್, ಸಿಬೇಲಿಯಸ್, ಬೀಥೋವನ್, ಬಾಖ್, ರೊಸ್ಸೀನಿ, ಹ್ಯಾಂಡೆಲ್, ಗ್ರೀಗ್, ಬಿಜೆ ಎಲ್ಲರೂ ಬಂದು ಹೋಗುತ್ತಾರೆ. ಆರತಕ್ಷತೆಯಲ್ಲಿ ವೇದಿಕೆ ಹತ್ತಿ, ಕವರು ಕೊಟ್ಟು, ಫೋಟೋಕ್ಕೆ ನಿಂತು, ಆ ಕಡೆಯ ಮೆಟ್ಟಿಲಿಂದ ಇಳಿದು ಊಟದ ಹಾಲಿಗೆ ನಡೆಯುವ ಅತಿಥಿಗಳ ಹಾಗೆ. ಯಾರಿಗೂ ಎರಡು ಮಾತಾಡಲು ಪುರುಸೊತ್ತಿಲ್ಲ, ಹಿಂದೆ ಸಾಲು ಕಾದಿದೆ. ಫೋಟೋಗ್ರಾಫರನ ಜಾಗದಲ್ಲಿ ನಿಂತು ಎಲ್ಲರನ್ನೂ ಮುಂದಕ್ಕೆ ಸಾಗಹಾಕುವುದು ಒಂದು ಯಂತ್ರದ ತಾಳ. ಧಬ್ ಚಟ್, ಧಬ್ ಚಟ್, ಬಿಡುವೇ ಇಲ್ಲ.

‘ಹುಕ್ಡ್ ಆನ್ ಕ್ಲಾಸಿಕ್ಸ್’ ಆಲ್ಬಮ್ಮಿನ ಮೊದಲ ಟ್ರ್ಯಾಕ್ ಇದು. ಬಂದದ್ದು 1981ರಲ್ಲಿ. ನುಡಿಸಿದ್ದು ಲಂಡನ್ನಿನ ರಾಯಲ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ. ತುಣುಕು ಆರಿಸಿ, ಹೊಲಿಗೆ ಹಾಕಿ, ಕೋಲು ಹಿಡಿದು ನಡೆಸಿದವನು ಲೂಯಿ ಕ್ಲಾರ್ಕ್. ಎಲೆಕ್ಟ್ರಿಕ್ ಲೈಟ್ ಆರ್ಕೆಸ್ಟ್ರಾ ಎಂಬ ರಾಕ್ ತಂಡಕ್ಕೆ ಪಿಟೀಲು ಸಮೂಹದ ಭಾಗಗಳನ್ನು ಜೋಡಿಸಿಕೊಟ್ಟು ಪಳಗಿದ ಕೈ ಅದು. ಹೊರತಂದದ್ದು ಕೆ-ಟೆಲ್. ಕೆನಡಾದ ವಿನ್ನಿಪೆಗ್‌ನಲ್ಲಿ ಹುಟ್ಟಿ, ಅಡುಗೆಮನೆಯ ಸಾಮಾನನ್ನು ಟಿವಿ ಜಾಹೀರಾತಿನಲ್ಲಿ ಮಾರಿ ಬೆಳೆದ ಕಂಪನಿ. ಎರಡು ವರ್ಷ ಮೊದಲು, 1979ರ ಜುಲೈನಲ್ಲಿ, ಷಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ರೆಕಾರ್ಡುಗಳನ್ನು ರಾಶಿ ಹಾಕಿ ಸಿಡಿಸಿ, ಡಿಸ್ಕೊ ಸತ್ತಿತು ಎಂದು ಸಾರಿಯಾಗಿತ್ತು. ಆದರೂ 1981ರಲ್ಲಿ ಹಾಲೆಂಡಿನ ‘ಸ್ಟಾರ್ಸ್ ಆನ್ 45’ ಬೀಟಲ್ಸ್ ಹಾಡುಗಳ ಚೂರುಗಳನ್ನು ಚಪ್ಪಾಳೆಯ ದಾರಕ್ಕೆ ಪೋಣಿಸಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಅದೇ ದಾರಕ್ಕೆ ಬೀಟಲ್ಸ್ ಬದಲು ಬೀಥೋವನ್‌ನನ್ನು ಪೋಣಿಸಿದರೆ? ಬ್ರಿಟನ್ನಿನಲ್ಲಿ ಎರಡನೇ ಸ್ಥಾನ, ಅಮೆರಿಕದಲ್ಲಿ ಮೊದಲ ಹತ್ತರೊಳಗೆ. ಆಮೇಲೆ ಎರಡು, ಮೂರನೇ ಭಾಗಗಳೂ ಬಂದವು. ಅವುಗಳ ಬಗ್ಗೆ ಹೇಳುವುದೇನೂ ಇಲ್ಲ.

ಪವಿತ್ರವಾದದ್ದನ್ನು ಕೆಡಿಸಿದರು ಎಂಬ ದೂರು ಅಂದೂ ಇತ್ತು, ಇಂದೂ ಇದೆ. ಅದನ್ನು ನಾನು ಹೊರುವುದಿಲ್ಲ. ಬಾಖ್ ಬರೆದ ‘ಸ್ವೀಟ್’ ಎಂಬ ವಾದ್ಯಕೃತಿಗಳ ಮಾಲೆಗಳಲ್ಲಿ ಮುಕ್ಕಾಲು ಪಾಲು ಕುಣಿತದ ಹೆಸರುಗಳೇ. ಕುಣಿಯುವುದರಿಂದ ಮೈಲಿಗೆಯಾಗುವ ಸಂಗೀತವಲ್ಲ ಅದು. ಡಿಸ್ಕೊ ಕೂಡ ಕೀಳಲ್ಲ. ಅದೇ 1981ರಲ್ಲಿ ಶಂಕರ್‌ನಾಗ್ ಅವರ ‘ಗೀತಾ’ ಚಿತ್ರಕ್ಕೆ ಇಳಯರಾಜ ಕೊಟ್ಟ ಕುಣಿತದ ಹಾಡಿಗೆ ನಮ್ಮ ಆರ್ಕೆಸ್ಟ್ರಾ ವೇದಿಕೆಗಳು ಇವತ್ತಿಗೂ ಕುಣಿಯುತ್ತವೆ. ನನ್ನ ತಕರಾರು ಡ್ರಮ್ಮಿನ ಮೇಲಲ್ಲ, ಅದಕ್ಕೆ ಸುಮ್ಮನಿರಲು ಬಾರದ್ದರ ಮೇಲೆ.

ಮೊಜಾರ್ಟನ 40ನೇ ಸಿಂಫನಿಯನ್ನೇ ತೆಗೆದುಕೊಳ್ಳಿ. 1788ರ ಕೃತಿ. ‘ಛಾಯಾ’ ಚಿತ್ರದಲ್ಲಿ ಸಲಿಲ್ ಚೌಧುರಿ ಅದನ್ನು ಹಿಂದಿ ಹಾಡಾಗಿಸಿದ ಮೇಲೆ ಆ ರಾಗ ನಮ್ಮವರ ಬಾಯಲ್ಲೂ ಇದೆ. ಮೂಲದಲ್ಲಿ ಅದು ರಾಗದಿಂದ ಶುರುವಾಗುವುದಿಲ್ಲ. ಮೊದಲು ವಯೋಲಾಗಳು ತಗ್ಗಿದ ದನಿಯಲ್ಲಿ, ಪಕ್ಕದ ಕೋಣೆಯಲ್ಲಿ ಯಾರೋ ಗುಸುಗುಸು ಮಾತಾಡುವ ಹಾಗೆ, ಮಿಡುಕುತ್ತವೆ. ಮುಕ್ಕಾಲು ಆವರ್ತ ಅವುಗಳದ್ದೇ. ಆಮೇಲೆ ಪಿಟೀಲುಗಳು ಬರುತ್ತವೆ, ಅದೂ ಸಮದಲ್ಲಿ ಅಲ್ಲ, ನಾಲ್ಕನೇ ಎಣಿಕೆಯಲ್ಲಿ, ಬಾಗಿಲು ತಟ್ಟದೆ ಒಳಬಂದವರ ಹಾಗೆ. ಅಳು ಗಂಟಲಿಗೆ ಬಂದು ನಿಂತ ಆ ಭಾವ ಹುಟ್ಟುವುದು ರಾಗದಿಂದ ಎಷ್ಟೋ, ಈ ಎತ್ತುಗಡೆಯಿಂದಲೂ ಅಷ್ಟೇ. ಮೊಜಾರ್ಟ್ ಈ ಸಿಂಫನಿಗೆ ಟಿಂಪನಿಯನ್ನೂ ಟ್ರಂಪೆಟ್ಟನ್ನೂ ಬರೆದೇ ಇಲ್ಲ. ಬಡಿಯುವ, ಮೊಳಗುವ ಎರಡನ್ನೂ ಬೇಕೆಂದೇ ಹೊರಗಿಟ್ಟ ಕೃತಿಯ ಕೆಳಗೆ ಕ್ಲಾರ್ಕ್ ಇಟ್ಟದ್ದು ಬಡಿತವನ್ನೇ. ವಯೋಲಾಗಳ ಗುಸುಗುಸು ಎಲ್ಲಿ ಕೇಳೀತು? ಉಳಿಯುವುದು ಸ್ವರಗಳ ಸಾಲು. ಸ್ವರ ಒಂದೂ ತಪ್ಪಿಲ್ಲ, ಪಾಠಾಂತರ ಶುದ್ಧ. ದುಃಖ ಮಾತ್ರ ಹೋಗಿದೆ.

ಬೀಥೋವನ್‌ನ ಐದನೆಯದರಲ್ಲಿ ನಷ್ಟ ಇನ್ನೂ ದೊಡ್ಡದು. ಜಗತ್ತಿಗೆಲ್ಲ ಗೊತ್ತಿರುವ ಆ ‘ತತತ ತಾಂ’ ನಿಜಕ್ಕೂ ಮೌನದಿಂದ ಆರಂಭವಾಗುತ್ತದೆ. ಲಿಪಿಯ ಮೊದಲ ಗುರುತೇ ವಿರಾಮದ್ದು. ಆ ಅರೆಕ್ಷಣದ ಮೌನಕ್ಕೆ ಮೂರು ಸ್ವರಗಳು ಎಡವಿ ಬೀಳುತ್ತವೆ. ನಾಲ್ಕನೆಯದರ ನೆತ್ತಿಯ ಮೇಲೆ ಒಂದು ಸಣ್ಣ ಕಮಾನು, ಅದರಡಿ ಚುಕ್ಕಿ. ಎಣಿಕೆ ಬಿಡು, ನಿನಗೆ ಬೇಕಾದಷ್ಟು ಹೊತ್ತು ಹಿಡಿ ಎಂದರ್ಥ. ಎರಡನೇ ಸಲ ಬಂದಾಗ ಕೊನೆಯ ಸ್ವರಕ್ಕೆ ಮೊದಲಿಗಿಂತ ಒಂದು ಅಳತೆ ಹೆಚ್ಚು ಬರೆದಿದ್ದಾನೆ, ಮತ್ತೆ ಕಮಾನು. ಹೀಗೆ ಲಯ ಹುಟ್ಟುವ ಮೊದಲೇ ಎರಡು ಬಾರಿ ಅದರ ಕತ್ತು ಹಿಡಿದು ನಿಲ್ಲಿಸುತ್ತಾನೆ. ಎಷ್ಟು ಹಿಡಿಯಬೇಕೆಂಬುದರಲ್ಲೇ ಒಬ್ಬ ನಿರ್ದೇಶಕನಿಗೂ ಇನ್ನೊಬ್ಬನಿಗೂ ವ್ಯತ್ಯಾಸ. ಯಂತ್ರಕ್ಕೆ ಕಮಾನು ಕಾಣದು. ಅದು ಎಣಿಸುತ್ತಲೇ ಇರುತ್ತದೆ.

ಡಿಸ್ಕೊದಲ್ಲಿ ಮೌನಕ್ಕೆ ಜಾಗ ಬಿಡುವುದು ಆಗದ ಕೆಲಸವೇ ಎಂದರೆ, ಅಲ್ಲ. ಐದು ವರ್ಷ ಮೊದಲು, 1976ರಲ್ಲಿ, ನ್ಯೂಯಾರ್ಕಿನಲ್ಲಿ ಜಾಹೀರಾತುಗಳಿಗೆ ಸಂಗೀತ ಬರೆಯುತ್ತಿದ್ದ ವಾಲ್ಟರ್ ಮರ್ಫಿ ‘ಎ ಫಿಫ್ತ್ ಆಫ್ ಬೀಥೋವನ್’ ಮಾಡಿದ. ಅಮೆರಿಕದಲ್ಲಿ ಮೊದಲ ಸ್ಥಾನ ಪಡೆದು, ಮರುವರ್ಷ ‘ಸ್ಯಾಟರ್‌ಡೇ ನೈಟ್ ಫೀವರ್’ ಚಿತ್ರವನ್ನೂ ಹೊಕ್ಕಿತು. ಮರ್ಫಿ ಒಂದೇ ಕೃತಿಗೆ ಅಂಟಿಕೊಂಡ. ಆ ನಾಲ್ಕು ಸ್ವರಗಳ ನಡುವಿನ ಜಾಗವನ್ನು ಬಿಟ್ಟು, ಅಲ್ಲಿ ಬ್ಯಾಂಡಿಗೆ ಉತ್ತರ ಕೊಡಲು ಬಿಟ್ಟ. ಮಾತಿಗೆ ಮಾತು ಬೆಳೆದು ಮೂರು ನಿಮಿಷದಲ್ಲಿ ಅದು ಬೇರೆಯೇ ಒಂದು ಹಾಡಾಯಿತು. ಗಂಭೀರ ಕೃತಿ ಎಂದು ಯಾರೂ ಅನ್ನುವುದಿಲ್ಲ. ಆದರೆ ಬೀಥೋವನ್‌ನ ಜೊತೆ ಒಬ್ಬ ಮನುಷ್ಯ ಕೂತು ತಮಾಷೆ ಮಾಡಿದ್ದು ಕೇಳಿಸುತ್ತದೆ. ಕ್ಲಾರ್ಕ್ ಕೂತುಕೊಳ್ಳುವುದಿಲ್ಲ.

ಹಾಗಂತ ಎಲ್ಲ ಕಡೆಯೂ ಸೋತಿದ್ದಾನೆಂದಲ್ಲ. ರೊಸ್ಸೀನಿಯ ‘ವಿಲಿಯಂ ಟೆಲ್’ ಬಂದಾಗ ಕಾಲು ತಾನೇ ಕುಣಿಯುತ್ತದೆ. ಅದು ಮೊದಲೇ ಕುದುರೆಯ ನಾಗಾಲೋಟ, ಡ್ರಮ್ಮು ಲಾಳ ಕಟ್ಟಿತು ಅಷ್ಟೇ. ‘ಫಿಗರೋ’ದ ಕವಾಯತು ನಡೆಗೂ, ‘ಕಾರ್ಮೆನ್’ನ ಗೂಳಿಕಾಳಗದ ಮೆರವಣಿಗೆಗೂ ಇದೇ ಮಾತು. ಕ್ಲಾರ್ಕನ ಜಾಣತನ ಹೊಲಿಗೆಯಲ್ಲಿದೆ. ಒಂದರ ಬಾಲ ಇನ್ನೊಂದರ ತಲೆಗೆ ಎಲ್ಲಿ ಸೇರಿತೆಂದು ಹುಡುಕಬೇಕು. ಶ್ರುತಿಯಿಂದ ಶ್ರುತಿಗೆ ದಾಟುವಾಗ ಒಂದು ಜರ್ಕೂ ಇಲ್ಲ. ದರ್ಜಿ ಒಳ್ಳೆಯವನೇ, ಎಲ್ಲ ಬಟ್ಟೆಗೂ ಒಂದೇ ಅಳತೆ ಹಿಡಿದ.

ಹೊಲಿಗೆ ಅಂದಾಗ ರಾಗಮಾಲಿಕೆಯ ನೆನಪಾಗುತ್ತದೆ. ಅಲ್ಲಿಯೂ ರಾಗ ಬದಲಾಗುತ್ತದೆ, ತಾಳ ಒಂದೇ. ಆದರೆ ಪ್ರತಿ ರಾಗಕ್ಕೂ ಮುಖ ತೋರಿಸುವಷ್ಟು ಜಾಗ ಇರುತ್ತದೆ, ಚಿಟ್ಟೆಸ್ವರ ಮತ್ತೆ ಪಲ್ಲವಿಯ ಮನೆಗೆ ಕರೆತರುತ್ತದೆ. ‘ಹುಕ್ಡ್’ನಲ್ಲಿ ಮನೆಯೇ ಇಲ್ಲ. ಮನೆ ಇರುವ ಜೋಡಣೆಯೂ ಉಂಟು: 1986ರಲ್ಲಿ ಇಳಯರಾಜ ‘ಹೌ ಟು ನೇಮ್ ಇಟ್’ ಮಾಡಿ ತ್ಯಾಗರಾಜರಿಗೂ ಬಾಖ್‌ಗೂ ಅರ್ಪಿಸಿದರು. ಅದರ ಒಂದು ಟ್ರ್ಯಾಕಿನಲ್ಲಿ ಬಾಖ್‌ನ ಪಿಟೀಲು ಪಾರ್ಟೀಟಾ ಹಾಗೇ ನಡೆಯುತ್ತಿರುವಾಗ ಪಕ್ಕದಿಂದ ನಮ್ಮ ಪಿಟೀಲು ಮಾತು ಸೇರಿಸುತ್ತದೆ. ಅದರಲ್ಲೂ ಅಲ್ಲಲ್ಲಿ ಸಕ್ಕರೆ ಜಾಸ್ತಿಯಾಗಿದೆ ಎಂಬುದು ನನ್ನ ಅಭಿಪ್ರಾಯ. ಆದರೆ ಇಬ್ಬರು ಮನೆಯಲ್ಲಿ ಎದುರುಬದುರು ಕೂತಿದ್ದಾರೆ.

ರಾಯಲ್ ಫಿಲ್‌ಹಾರ್ಮೋನಿಕ್ ಇದಕ್ಕೇಕೆ ಒಪ್ಪಿತು ಎಂದು ಮೂಗು ಮುರಿಯುವವರಿಗೆ ಒಂದು ಮಾತು. 1946ರಲ್ಲಿ ಥಾಮಸ್ ಬೀಚಮ್ ಕಟ್ಟಿದ ಈ ತಂಡದಂಥ ಲಂಡನ್ನಿನ ವಾದ್ಯವೃಂದಗಳು ಹೊಟ್ಟೆಪಾಡಿಗೆ ರೆಕಾರ್ಡಿಂಗ್ ನಂಬಿಕೊಂಡವೇ. ಅದಕ್ಕಿಂತ ಒಂದು ವರ್ಷ ಮೊದಲು ಹುಟ್ಟಿದ ಅಲ್ಲಿಯದೇ ಇನ್ನೊಂದು ವಾದ್ಯವೃಂದ ಫಿಲ್‌ಹಾರ್ಮೋನಿಯಾಕ್ಕೆ ನೆರವಾದವರು ನಮ್ಮ ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್. ಅದರ ಸಂಗೀತ ಕಛೇರಿ ಸಂಘದ ಮೊದಲ ಅಧ್ಯಕ್ಷರೂ ಅವರೇ. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 1950ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಬರಲು ಅವರ ಹಣವಿತ್ತು. ಯಾರೂ ಕೊಳ್ಳದಿದ್ದ ಮೆಟ್‌ನರ್‌ನ ಸಂಗೀತವನ್ನು ಹಟ ಹಿಡಿದು ರೆಕಾರ್ಡ್ ಮಾಡಿಸಿದ್ದೂ ಅವರೇ. ಮಹಾರಾಜರು ದುಡ್ಡು ಕೊಟ್ಟದ್ದು ಯಾರಿಗೂ ಗೊತ್ತಿಲ್ಲದ ಸಂಗೀತಕ್ಕೆ. ಕೆ-ಟೆಲ್ ದುಡ್ಡು ಹಾಕಿದ್ದು ಎಲ್ಲರಿಗೂ ಗೊತ್ತಿರುವ ಸಂಗೀತಕ್ಕೆ. ಜನ ಈ ಮೂಲಕ ಶಾಸ್ತ್ರೀಯಕ್ಕೆ ಬಂದರು ಎಂಬ ಸಮರ್ಥನೆಯಲ್ಲಿ ನನಗೆ ಒಪ್ಪಿಗೆಯಾಗದ್ದು ಇಷ್ಟೇ: ಆಲ್ಬಮ್ಮಿನ ಪಟ್ಟಿಯಲ್ಲಿ ಹೆಚ್ಚಿನವು ಜನ ಆಗಲೇ ಶಿಳ್ಳೆ ಹಾಕುತ್ತಿದ್ದ ಸಾಲುಗಳು.

ಹೀಗೆನ್ನುವ ನಾನೇ ಅದರ ಮೂಲಕ ಬಂದವನು. ಹೆಸರೂ ಬರೆದಿರದ, ಯಾರದೋ ಕ್ಯಾಸೆಟ್ಟಿನಿಂದ ನಕಲು ಇಳಿಸಿದ ಕ್ಯಾಸೆಟ್ಟು. ಸವೆಯುವಷ್ಟು ಕೇಳಿದ್ದೆ. ಎಷ್ಟೋ ವರ್ಷದ ಮೇಲೆ ಮೊಜಾರ್ಟನ ಸಿಂಫನಿಯನ್ನು ಮೊದಲಿಂದ ಕೊನೆವರೆಗೆ ಕೇಳಲು ಕೂತೆ. ವಯೋಲಾಗಳ ಗುಸುಗುಸು ಕೇಳಿ, ರೆಕಾರ್ಡಿಂಗ್ ಎಲ್ಲೋ ಕೆಟ್ಟಿದೆ ಎಂದು ವಾಲ್ಯೂಮ್ ಹೆಚ್ಚಿಸಿದೆ. ರಾಗ ಬಂತು, ಸಾಗಿತು. ಗರ್ಶ್ವಿನ್ ಬರಬೇಕಾದ ಜಾಗ ಬಂತು, ಗರ್ಶ್ವಿನ್ ಬರಲಿಲ್ಲ. ಅದೇ ಎರಡು ಸ್ವರಗಳ ನಿಟ್ಟುಸಿರು, ಮತ್ತೆ ಅದೇ, ಬೇರೆ ಶ್ರುತಿಯಲ್ಲಿ ಅದೇ. ಏಳೆಂಟು ನಿಮಿಷ ಮೊಜಾರ್ಟ್ ಆ ಒಂದು ನಿಟ್ಟುಸಿರನ್ನು ಬಿಡಲೇ ಇಲ್ಲ. ಇಷ್ಟು ವರ್ಷವಾದರೂ ಆ ತಿರುವಿನಲ್ಲಿ ನನ್ನ ಕಿವಿ ಒಂದು ಕ್ಷಣ ಗರ್ಶ್ವಿನ್‌ಗೆ ಕಾಯುತ್ತದೆ.