ಸುಯ್ ಎನ್ನದ ಆಂಪ್ಲಿಫೈಯರ್

ಆಂಪ್ಲಿಫೈಯರ್ ಕೊಳ್ಳಲು ಹೋದವರು ಹಾಡು ಹಾಕಿಸಿ ಕೇಳುತ್ತಾರೆ. ಏನನ್ನೂ ಹಾಕಿಸಬೇಡಿ ಎನ್ನುವುದು ನನ್ನ ಸಲಹೆ. ಪ್ಲೇಯರ್ ಜೋಡಿಸಿಯೇ ಇರಲಿ, ಹಾಡು ಮಾತ್ರ ನಿಂತಿರಲಿ. (ಇನ್‌ಪುಟ್ ವೈರನ್ನು ಖಾಲಿ ಬಿಟ್ಟರೆ ಅದೇ ಆಂಟೆನಾ ಆಗಿಬಿಡುತ್ತದೆ.) ವಾಲ್ಯೂಮ್ ಮುಕ್ಕಾಲಿಗೆ ಏರಿಸಿ ಸ್ಪೀಕರಿಗೆ ಕಿವಿಗೊಡಿ. ಗುಂಯ್ ಎನ್ನುವುದು ಒಂದು ಸದ್ದು, ಸುಯ್ ಎನ್ನುವುದು ಇನ್ನೊಂದು. ಎರಡೂ ಹುಟ್ಟುವ ಜಾಗ ಬೇರೆ, ಮದ್ದೂ ಬೇರೆ.

ಸುಯ್ ಸದ್ದಿಗೆ ಯಾರನ್ನೂ ದೂರುವಂತಿಲ್ಲ. ರೆಸಿಸ್ಟರ್ ಇದ್ದಲ್ಲಿ ಅದು ಇದ್ದೇ ಇರುತ್ತದೆ. ಬಿಸಿಯಿಂದ ಎಲೆಕ್ಟ್ರಾನುಗಳು ಅತ್ತಿತ್ತ ಕದಲುವುದೇ ಅದರ ಮೂಲ ಎಂಬುದನ್ನು 1928ರಲ್ಲಿ ಬೆಲ್ ಲ್ಯಾಬ್ಸ್‌ನ ಜಾನ್ಸನ್ ಅಳೆದು ತೋರಿಸಿದರು, ನೈಕ್ವಿಸ್ಟ್ ಲೆಕ್ಕ ಕಟ್ಟಿಕೊಟ್ಟರು. ಆ ಲೆಕ್ಕದಂತೆ 10 ಕಿಲೋ ಓಮ್ ರೆಸಿಸ್ಟರೊಂದು ನಮ್ಮ ಕೋಣೆಯ ಬಿಸಿಯಲ್ಲಿ, ಕಿವಿಗೆ ನಿಲುಕುವ 20 ಕಿಲೋಹರ್ಟ್ಸ್‌ನೊಳಗೆ, ಸುಮಾರು 1.8 ಮೈಕ್ರೋವೋಲ್ಟ್ ಸದ್ದು ಮಾಡುತ್ತದೆ. ಅಷ್ಟೇ ತಾನೆ ಎನ್ನಬೇಡಿ. ಗ್ರಾಮಫೋನ್ ತಟ್ಟೆಯ ಮೂವಿಂಗ್ ಕಾಯಿಲ್ ಪಿಕಪ್ ಕೊಡುವುದೇ ಮಿಲಿವೋಲ್ಟಿನ ಮೂರನೆಯ ಒಂದು ಭಾಗದಷ್ಟು. ಅದರ ದಾರಿಯಲ್ಲಿ 10 ಕಿಲೋ ಓಮ್ ಇಟ್ಟವನಿಗೆ ಸಂಗೀತ ಕೇಳುವ ಆಸೆಯಿಲ್ಲ ಎಂದೇ ನನ್ನ ತೀರ್ಮಾನ. 100 ಓಮ್ ಇಟ್ಟರೆ ಸದ್ದು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಆಂಪ್ಲಿಫೈಯರಿನ ಮೊದಲ ಹಂತದಲ್ಲಿ ಸೇರಿಕೊಂಡ ಸದ್ದನ್ನು ಮುಂದಿನ ಹಂತಗಳೆಲ್ಲ ಹಾಡಿನ ಜೊತೆಗೇ ದೊಡ್ಡದು ಮಾಡುತ್ತವೆ. ಮೊದಲ ಹಂತವೇ ಹಾಡನ್ನು ಸಾಕಷ್ಟು ಮೇಲೆತ್ತಿಬಿಟ್ಟರೆ ಮುಂದಿನವುಗಳ ಗಲಾಟೆ ಲೆಕ್ಕಕ್ಕೇ ಬರುವುದಿಲ್ಲ. ರೇಡಿಯೊ ರಿಸೀವರುಗಳ ವಿಷಯದಲ್ಲಿ ಎಂಜಿನಿಯರ್ ಫ್ರೀಸ್ ಇದನ್ನು 1944ರಲ್ಲೇ ಸೂತ್ರವಾಗಿಸಿದ್ದರು. ಆದರೂ ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋದವರು ದುಡ್ಡು ಸುರಿಯುವುದು ಕೊನೆಯ ಹಂತದ ಟ್ರಾನ್ಸಿಸ್ಟರುಗಳ ಮೇಲೆ!

ಇನ್ನು ಕೆಲವರು ಟ್ರೆಬಲ್ ಇಳಿಸಿ, ಸದ್ದು ಹೋಯಿತು ಎನ್ನುತ್ತಾರೆ. ಮಜ್ಜಿಗೆಗೆ ಬೆರೆತ ನೀರನ್ನು ಹೊರತೆಗೆಯಲು ಹೊರಟಂತೆ ಅದು. ಸದ್ದಿನ ಜೊತೆ ತಂಬೂರಿಯ ಝೇಂಕಾರವೂ ಹೋಯಿತಲ್ಲ!

ಬೆರೆಯುವ ಮೊದಲೇ ಏನಾದರೂ ಮಾಡಬೇಕು ಎಂಬುದನ್ನು ರೇ ಡಾಲ್ಬಿಯಷ್ಟು ಸೊಗಸಾಗಿ ಸಾಧಿಸಿದವರಿಲ್ಲ. 1963ರಿಂದ ಎರಡು ವರ್ಷ ಅವರು ಯುನೆಸ್ಕೊ ಸಲಹೆಗಾರರಾಗಿ ಭಾರತದಲ್ಲೇ, ಚಂಡೀಗಢದಲ್ಲಿದ್ದರು. ನಮ್ಮ ಸಂಗೀತವನ್ನು ಟೇಪಿಗೆ ಹಿಡಿಯುತ್ತಿದ್ದ ಆ ದಿನಗಳಲ್ಲೇ ಟೇಪಿನ ಸುಯ್ ಸದ್ದು ಅವರ ತಲೆ ತಿಂದಿದ್ದು. 1965ರಲ್ಲಿ ಲಂಡನ್ನಿನಲ್ಲಿ ಕಂಪನಿ ತೆರೆದರು. ಅವರ ಸರ್ಕ್ಯೂಟ್ ಧ್ವನಿಯನ್ನು ನಾಲ್ಕು ಪಟ್ಟಿಗಳಾಗಿ ಒಡೆದು, ಮೆಲುದನಿಯನ್ನು ಮಾತ್ರ ಟೇಪಿಗೆ ಹೋಗುವ ಮೊದಲೇ 10 ಡೆಸಿಬಲ್‌ನಷ್ಟು ಎತ್ತುತ್ತದೆ. ಕೇಳಿಸುವಾಗ ಅಷ್ಟನ್ನೇ ಇಳಿಸುತ್ತದೆ. ಹಾಡು ಮೊದಲಿನಂತಾಗುತ್ತದೆ, ನಡುವೆ ಬಂದು ಸೇರಿದ ಸುಯ್ ಮಾತ್ರ ತಗ್ಗುತ್ತದೆ. ದೊಡ್ಡ ದನಿಯ ಗೊಡವೆಗೇ ಹೋಗುವುದಿಲ್ಲ, ಅಲ್ಲಿ ಸುಯ್ ಹೇಗೂ ಮುಚ್ಚಿಹೋಗುತ್ತದೆ. ಕ್ಯಾಸೆಟ್ಟಿಗೆ ಬಂದದ್ದು ಇದರ ಸರಳ ರೂಪ, ಡಾಲ್ಬಿ ಬಿ. ಸಾದಾ ಕ್ಯಾಸೆಟ್ಟಿಗೆ ಪ್ಲೇಯರಿನ ಡಾಲ್ಬಿ ಗುಂಡಿ ಒತ್ತಿ, ಹಾಡು ಮಂಕಾಯಿತೆಂದು ಡಾಲ್ಬಿಯನ್ನು ಬೈದವರು ಎಷ್ಟು ಜನವೋ.

ಗುಂಯ್ ಸದ್ದು ಬರುವುದು ಕರೆಂಟಿನಿಂದ. 50 ಹರ್ಟ್ಸ್ ಆದರೆ ಟ್ರಾನ್ಸ್‌ಫಾರ್ಮರ್ ಹತ್ತಿರವಿದೆ ಅಥವಾ ಗ್ರೌಂಡಿನಲ್ಲಿ ಸುತ್ತು ಬಿದ್ದಿದೆ. 100 ಹರ್ಟ್ಸ್ ಆದರೆ ರೆಕ್ಟಿಫೈಯರಿನ ಕಡೆ ನೋಡಿ. ದೊಡ್ಡ ಕೆಪಾಸಿಟರ್ ಹಾಕಿದ ಮಾತ್ರಕ್ಕೆ ಇದು ಹೋಗುವುದಿಲ್ಲ. ಕೆಪಾಸಿಟರ್ ತುಂಬಿಕೊಳ್ಳುವ ಕರೆಂಟು ಹರಿಯುವ ವೈರಿಗೇ ಇನ್‌ಪುಟ್ಟಿನ ಗ್ರೌಂಡನ್ನೂ ಬೆಸೆದಿದ್ದರೆ, ಕೆಪಾಸಿಟರ್ ದೊಡ್ಡದಾದಷ್ಟೂ ಗುಂಯ್ ಚುರುಕಾಗುವುದೂ ಉಂಟು. ಗ್ರೌಂಡುಗಳೆಲ್ಲ ಬೇರೆ ಬೇರೆ ವೈರಿನಲ್ಲಿ ಬಂದು ಒಂದೇ ಕಡೆ ಸೇರಬೇಕು.

ಮೂರು ಪಿನ್ನಿನ ಎರಡು ಪೆಟ್ಟಿಗೆಗಳನ್ನು ಜೋಡಿಸಿದಾಗ ಗುಂಯ್ ಬಂದರೆ, ಒಂದರ ಅರ್ಥ್ ಪಿನ್ ಕಿತ್ತುಹಾಕಿ ಎನ್ನುವ ಮೆಕ್ಯಾನಿಕ್‌ಗಳಿದ್ದಾರೆ. ಅವರ ಮಾತು ಕೇಳಬೇಡಿ. ಒಳಗೆ ಒಂದು ವೈರು ಸುಲಿದರೂ ಪೆಟ್ಟಿಗೆ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ. ಎರಡರ ನಡುವಿನ ಆಡಿಯೊ ವೈರಿನಲ್ಲಿ ಒಂದು ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ, ಅರ್ಥ್ ಇದ್ದಂತೆಯೇ ಇರಲಿ.