ಗೋಡೆ ಬರೆದುಕೊಟ್ಟ ರೋಗ

ಬಸ್‌ಸ್ಟ್ಯಾಂಡಿನ ಮೂತ್ರಾಲಯದ ಗೋಡೆ ಓದಿದವರಿಗೆ ಈ ಸಾಹಿತ್ಯ ಬಾಯಿಪಾಠ. ಹಸ್ತಮೈಥುನವೇ, ಸ್ವಪ್ನಸ್ಖಲನವೇ, ನರದೌರ್ಬಲ್ಯವೇ, ಚಿಂತೆ ಬಿಡಿ ಎಂಬ ಧಾಟಿ. ಕೆಳಗೆ ಲಾಡ್ಜಿನ ಹೆಸರು, ಡಾಕ್ಟರು ಊರಿಗೆ ಬರುವ ವಾರ. ಹದಿನೇಳರ ಹುಡುಗನಿಗೆ ಆವರೆಗೆ ಇಲ್ಲದಿದ್ದ ಚಿಂತೆಯನ್ನು ಹಚ್ಚಿ, ಆಮೇಲೆ ಬಿಡು ಎನ್ನುವ ಗದ್ಯ ಅದು. ಇಂಥ ಜಾಹೀರಾತುಗಳನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಗೋಡೆಗೆ ಕಾಯ್ದೆ ಓದಲು ಬರುವುದಿಲ್ಲ.

ಈ ವ್ಯಾಪಾರದ ಬಂಡವಾಳ ಒಂದು ಲೆಕ್ಕ: ನಲವತ್ತು ಹನಿ ರಕ್ತಕ್ಕೆ ಒಂದು ಹನಿ ಮಜ್ಜೆ, ನಲವತ್ತು ಹನಿ ಮಜ್ಜೆಗೆ ಒಂದು ಹನಿ ವೀರ್ಯ. ನಮ್ಮವರಷ್ಟೇ ಅಲ್ಲ, ಸ್ವಿಸ್ ವೈದ್ಯ ಟಿಸ್ಸೋ ಕೂಡ 1760ರಲ್ಲಿ ವೀರ್ಯ ಪೋಲಾಗುವ ಇದೇ ಭಯದ ಮೇಲೆ ಇಡೀ ಪುಸ್ತಕ ಬರೆದ. ದೇಹಕ್ಕೆ ಈ ಲೆಕ್ಕ ಗೊತ್ತಿಲ್ಲ. ಅದು ವೀರ್ಯವನ್ನು ದಿನವೂ ತಯಾರಿಸುತ್ತಲೇ ಇರುತ್ತದೆ. ಆದರೂ ಹುಡುಗ ನಿಜಕ್ಕೂ ಸೊರಗುತ್ತಾನೆ. ಮನೋವೈದ್ಯ ಎನ್.ಎನ್. ವಿಗ್ 1960ರಲ್ಲಿ ಇದಕ್ಕೆ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಸುಸ್ತು ನಿಜ, ನಿದ್ದೆ ಕೆಡುವುದೂ ನಿಜ. ಅವನು ಹೇಳುವ ಕಾರಣ ಮಾತ್ರ ಸುಳ್ಳು.

ಹಾಗಾದರೆ ‘ಎಲ್ಲ ಸಹಜ, ಹೋಗಿ ಬನ್ನಿ’ ಎಂದು ಬೆನ್ನು ತಟ್ಟುವ ಸುಧಾರಿತ ಅಂಕಣಕಾರರು ಸರಿಯೇ? ನನ್ನ ತಕರಾರು ಅವರ ಮೇಲೂ ಇದೆ. ರಾತ್ರಿಯೆಲ್ಲ ಫೋನಿನ ಮುಂದೆ ಕಳೆದು, ಬೆಳಗ್ಗೆ ಕೆಲಸ ತಪ್ಪಿಸಿ, ಸುಖವೂ ಸಿಗದೆ, ಬಿಡಲೂ ಆಗದೆ ಒದ್ದಾಡುವವನಿಗೆ ಆ ಮಾತು ಬಾಗಿಲು ಮುಚ್ಚಿದ ಹಾಗೆ. ಕನ್ನಡದಲ್ಲಿ ಒಳ್ಳೆಯ ಎರಡು ಪದಗಳಿವೆ. ಚಟ ನಾವು ಅಂಟಿಸಿಕೊಳ್ಳುವುದು, ಗೀಳು ನಮ್ಮನ್ನು ಹಿಡಿಯುವುದು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ (ಐಸಿಡಿ–11) ಗೀಳಿನ ಕಡೆ ವಾಲಿದೆ. ಹಿಡಿತ ತಪ್ಪಿದ ಲೈಂಗಿಕ ನಡವಳಿಕೆಯನ್ನು ವ್ಯಸನಗಳ ಸಾಲಿನಲ್ಲಿ ಕೂರಿಸದೆ, ಉದ್ವೇಗ ತಡೆಯಲಾಗದ ತೊಂದರೆಗಳ ಜೊತೆ ಇಟ್ಟಿದೆ. ಅದರಲ್ಲಿ ‘ವಾರಕ್ಕೆ ಎಷ್ಟು ಸಲ’ ಎಂಬ ಸಂಖ್ಯೆಯೇ ಇಲ್ಲ. ಆರು ತಿಂಗಳು ಅಥವಾ ಹೆಚ್ಚು ಕಾಲ ಹಿಡಿತ ತಪ್ಪಿದೆಯೇ, ಆರೋಗ್ಯ, ಮನೆ, ಕೆಲಸ ಹಾಳಾಗುತ್ತಿದೆಯೇ ಎಂದಷ್ಟೇ ಕೇಳುತ್ತದೆ. ‘ಇದು ಪಾಪ’ ಎಂಬ ಕೊರಗೊಂದೇ ಇದ್ದರೆ ಅದು ರೋಗವಲ್ಲ ಎಂದೂ ಸೇರಿಸುತ್ತದೆ. ಈ ವಿಷಯದ ಮೇಲೆ ಬಂದ ಬರಹಗಳಲ್ಲೆಲ್ಲ ನಾನು ಮೆಚ್ಚಿದ ಷರತ್ತು ಇದೇ.

ಇದು ಶೀಲದ ಪ್ರಶ್ನೆ ಎನ್ನುವವರು ಪಾರ್ಕಿನ್ಸನ್ ರೋಗಿಗಳನ್ನು ನೋಡಬೇಕು. ಡೋಪಮಿನ್‌ನಂತೆ ಕೆಲಸ ಮಾಡುವ ಕೆಲವು ಮಾತ್ರೆಗಳಿಂದ ಮರ್ಯಾದಸ್ಥ ಅಜ್ಜನಿಗೂ ಈ ಗೀಳು ಹಿಡಿಯಬಹುದು. ವೈದ್ಯರು ಮಾತ್ರೆ ಬದಲಿಸಿದರೆ ಇಳಿಯಲೂಬಹುದು.

ಹಸ್ತಮೈಥುನ ಬಿಟ್ಟು ದಿನ ಎಣಿಸುವ ಈಚಿನ ಹುಡುಗರ ವ್ರತ ನನಗೆ ಹಳೆಯ ಗೋಡೆಗೇ ಬಳಿದ ಹೊಸ ಸುಣ್ಣದಂತೆ ಕಾಣುತ್ತದೆ. ಇಪ್ಪತ್ತನೇ ದಿನ ತಪ್ಪಿದರೆ ಲೆಕ್ಕ ಸೊನ್ನೆಗೆ. ಆ ಸೊನ್ನೆಯ ಅವಮಾನ ತಡೆಯಲಾರದೆ ಮತ್ತೆ ಅದೇ ಪರದೆಗೆ. ಆಪ್ತ ಸಮಾಲೋಚಕರು ದಿನಕ್ಕಿಂತ ಗಳಿಗೆಯನ್ನು ಬರೆಸುತ್ತಾರೆ: ಎಷ್ಟು ಹೊತ್ತಿಗೆ, ಯಾವ ಜಗಳದ ನಂತರ, ಎಂಥ ಒಂಟಿತನದಲ್ಲಿ. ಎಷ್ಟೋ ಸಲ ಅಲ್ಲಿ ಕಾಮಕ್ಕಿಂತ ಬೇಸರವೇ ಹೆಚ್ಚು ಸಿಗುತ್ತದೆ. ಫೋನು ಮಲಗುವ ಕೋಣೆಯಿಂದ ಆಚೆ ಹೋಗುತ್ತದೆ, ಖಿನ್ನತೆ ಇದ್ದರೆ ಅದಕ್ಕೆ ಔಷಧಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪರದೆಯ ಗೀಳಿಗೆಂದೇ 2014ರಿಂದ ‘ಶಟ್’ ಕ್ಲಿನಿಕ್ ಇದೆ; ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹೆಸರು ಹೇಳದೆಯೂ ಕರೆ ಮಾಡಬಹುದು, ಕನ್ನಡದಲ್ಲೇ. ಈ ಐದು ಅಂಕಿಗಳನ್ನು ಆ ಮೂತ್ರಾಲಯದ ಗೋಡೆಯಲ್ಲಿ ಮಾತ್ರ ನಾನಿನ್ನೂ ನೋಡಿಲ್ಲ.