ನಮ್ಮ ಸಾಹಿತ್ಯದ ನಾಯಿ, ನಮ್ಮ ಮನೆಯ ನಾಯಿ

ಬೆಂಗಳೂರಿನ ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯದಲ್ಲಿ ಒಂದು ವೀರಗಲ್ಲನ್ನು ಕಂಡಿದ್ದೇನೆ. ಮಂಡ್ಯ ಜಿಲ್ಲೆಯ ಆತಕೂರಿನಿಂದ ಬಂದದ್ದು, ಕಾಲ ಕ್ರಿ.ಶ. 949-50. ಅದರ ಮೇಲೆ ಕೆತ್ತಿರುವ ವೀರ ಕಾಳಿ ಎಂಬ ಒಂದು ನಾಯಿ. ರಾಷ್ಟ್ರಕೂಟರಿಗೂ ಚೋಳರಿಗೂ ತಕ್ಕೋಲದಲ್ಲಿ ನಡೆದ ಯುದ್ಧದ ಕಾಲದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ, ಏನು ಬೇಕೋ ಕೇಳಿಕೋ ಎಂದು ಒಡೆಯನ ಅಪ್ಪಣೆಯಾಯಿತಂತೆ. ಊರು ಉಂಬಳಿಗಳನ್ನು ಕೇಳಬಹುದಾಗಿದ್ದ ಆ ಘಳಿಗೆಯಲ್ಲಿ ಅವನು ಕಾಳಿಯನ್ನು ಕೇಳಿದ. ಮುಂದೆ ಬೆಳತೂರಿನ ಗುಡ್ಡದಲ್ಲಿ ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಜೊತೆಯಾಗಿ ಸತ್ತವು. ಕಲ್ಲು ನಿಂತಿತು, ಪೂಜೆಗೆಂದು ಭೂಮಿ ಬಿಟ್ಟದ್ದಾಯಿತು, ಪೂಜೆ ಮಾಡದೆ ಉಂಡ ಪೂಜಾರಿಗೆ ಪಾಪ ತಟ್ಟುವುದೆಂಬ ಕಟ್ಟಳೆಯೂ ಆಯಿತು.

ಕನ್ನಡ ನಾಡು ನಾಯಿಗೆ ಸಲ್ಲಿಸಿದ ಗೌರವ ಸಾಮಾನ್ಯವಾದದ್ದಲ್ಲ ಎಂದು ಹೆಮ್ಮೆಪಡುವುದಕ್ಕೆ ಇಷ್ಟು ಸಾಕು. ನಾನೂ ಬಹುಕಾಲ ಹೆಮ್ಮೆಪಟ್ಟೆ. ಆದರೆ ನಾಲ್ಕು ವರ್ಷ ಒಂದು ನಾಯಿಯೊಡನೆ ಬಾಳಿದ ಮೇಲೆ ಆ ಕಲ್ಲನ್ನು ನೆನೆದರೆ ಬೇರೆಯೇ ಪ್ರಶ್ನೆ ಏಳುತ್ತದೆ. ಕಾಳಿ ಹೇಗೆ ಸತ್ತಿತೆಂಬುದು ಸಾವಿರ ವರ್ಷ ಕಳೆದರೂ ನಮಗೆ ಗೊತ್ತು. ಹಂದಿ ಸಿಕ್ಕದ ದಿನಗಳಲ್ಲಿ ಅದು ಹೇಗಿತ್ತು? ಮಣಲೇರನ ಮನೆಗೆ ಬಂದ ನೆಂಟರನ್ನು ಕಂಡು ಏನು ಮಾಡುತ್ತಿತ್ತು? ಇದನ್ನೆಲ್ಲ ಶಾಸನದಲ್ಲಿ ಹುಡುಕುವುದು ನ್ಯಾಯವಲ್ಲ, ನಿಜ. ಆದರೆ ಆಮೇಲಿನ ನಮ್ಮ ಸಾಹಿತ್ಯವೂ ಬಹುಮಟ್ಟಿಗೆ ಆ ಕಲ್ಲಿನ ಜಾಡಿನಲ್ಲೇ ನಡೆದಿದೆ ಎಂಬುದು ನನ್ನ ದೂರು. ನಾಯಿಯ ನಿಯತ್ತನ್ನೂ ಸಾವನ್ನೂ ನಾವು ಬರೆದಷ್ಟು ಅದರ ಬಾಳನ್ನು ಬರೆದಿಲ್ಲ.

ಇದು ಬರಿಯ ಪುಸ್ತಕದ ಜಗಳವಾಗಿದ್ದರೆ ಓದುಗರ ಭಾನುವಾರವನ್ನು ಕೆಡಿಸುತ್ತಿರಲಿಲ್ಲ. ಈ ನಿಯತ್ತಿನ ಸಾಹಿತ್ಯವನ್ನು ನಂಬಿ ನಾನು ಒಂದು ತಪ್ಪು ಮಾಡಿದೆ. ಅದರ ಬೆಲೆಯನ್ನು ಎದುರು ಮನೆಯ ಹುಡುಗ ತೆತ್ತ. ಆದ್ದರಿಂದಲೇ ಈ ಬರಹ.

ಕೆಂಚ ನಮ್ಮ ಮನೆಗೆ ಬಂದಾಗ ಎಂಟು ವಾರದ ಮರಿ. ನಮ್ಮ ಬೀದಿಯಲ್ಲಿ ಕಟ್ಟುತ್ತಿದ್ದ ಮನೆಯೊಂದರ ಮರಳ ರಾಶಿಯ ಮೇಲೆ ಹುಟ್ಟಿದ್ದು. ಲಸಿಕೆಗಳು ಮುಗಿಯುವವರೆಗೆ ಹೊರಗೆ ಬಿಡಬೇಡಿ ಎಂದು ಪಶುವೈದ್ಯರು ಹೇಳಿದರು. ಅದಕ್ಕೆ ನಾನು ನನ್ನದೊಂದು ವ್ರತವನ್ನೂ ಸೇರಿಸಿದೆ. ಒಬ್ಬನ ಕೈಯ ಅನ್ನ ತಿಂದು ಬೆಳೆದದ್ದೇ ನಾಯಿ, ಕಂಡಕಂಡವರ ಕೈ ನೆಕ್ಕುವುದು ನಾಯಿಯಲ್ಲ ಎಂಬುದು ನನ್ನ ಸಿದ್ಧಾಂತ. ಬಂದವರು ಮರಿಯನ್ನು ಮುಟ್ಟಹೋದರೆ ತಡೆಯುತ್ತಿದ್ದೆ. “ಪಾಪ, ಅದೂ ನಾಲ್ಕು ಜನರನ್ನ ನೋಡಿ ಬೆಳೀಲಿ ಬಿಡೀಂದ್ರೆ,” ಎಂದು ನನ್ನಾಕೆ ಹೇಳಿದರೆ ನಕ್ಕುಬಿಡುತ್ತಿದ್ದೆ. ನಾಯಿಗೂ ನಾಲ್ಕು ಜನಕ್ಕೂ ಏನು ಸಂಬಂಧ! ಅದಕ್ಕೆ ಒಬ್ಬ ಒಡೆಯನಿದ್ದರೆ ಸಾಲದೆ?

ವರ್ಷ ತುಂಬುವಷ್ಟರಲ್ಲಿ ಕೆಂಚ ನನ್ನ ನೆರಳಾಗಿದ್ದ. ನಾನು ಮನೆಯಲ್ಲಿಲ್ಲದಿದ್ದರೆ ಊಟ ಮುಟ್ಟುತ್ತಿರಲಿಲ್ಲ. ಇದನ್ನು ಬೀದಿಗೆಲ್ಲ ಹೇಳಿಕೊಂಡು ತಿರುಗಿದೆ. ಹಾಲಿನವನು ಬಂದರೆ, ಪೇಪರಿನ ಹುಡುಗ ಬಂದರೆ, ಗ್ಯಾಸಿನವನು ಬಂದರೆ ಅವನು ಸರಪಳಿ ಕಿತ್ತುಹೋಗುವಂತೆ ಬೊಗಳುತ್ತಿದ್ದುದನ್ನು ಕಾವಲೆಂದೇ ತಿಳಿದೆ. ಕಾವಲಿನ ನಾಯಿ ದೀಪಾವಳಿಯ ಮೂರು ದಿನವೂ ಮಂಚದ ಕೆಳಗೆ ನಡುಗುತ್ತ ಬಿದ್ದಿದ್ದುದನ್ನು ಕಂಡಾದರೂ ನನಗೆ ಅರ್ಥವಾಗಬೇಕಿತ್ತು. ಒಂದು ಸಂಜೆ ಎದುರು ಮನೆಯ ಹುಡುಗ ಚೆಂಡು ಹೆಕ್ಕಲು ಕಾಂಪೌಂಡಿನೊಳಗೆ ಬಂದ. ಕೆಂಚನನ್ನು ಕಟ್ಟಿರಲಿಲ್ಲ. ಮುಂಗೈಯಲ್ಲಿ ನಾಲ್ಕು ಹಲ್ಲಿನ ಗಾಯ. ಕೆಂಚನಿಗೆ ಹುಚ್ಚಿನ ಲಸಿಕೆ ಹಾಕಿಸಿದ್ದರೂ ವೈದ್ಯರು ಹುಡುಗನಿಗೆ ಚುಚ್ಚುಮದ್ದು ಬೇಕೆಂದರು. ಪ್ರತಿ ಬಾರಿಯೂ ಜೊತೆಗೆ ಹೋದೆ. ಮೂರನೆಯ ಸಲವೋ ಏನೋ, ಸರದಿಯಲ್ಲಿ ಕುಳಿತಿದ್ದಾಗ ಹುಡುಗನ ತಾಯಿ ಮೆಲ್ಲಗೆ ಕೇಳಿದರು: “ನಿಮ್ಮ ನಾಯಿಗೆ ನಿಯತ್ತು ಬಹಳ ಅಂತ ಹೇಳ್ತಿದ್ರಲ್ಲ ಸಾರ್. ಆ ನಿಯತ್ತು ಕಟ್ಕೊಂಡು ನಾವೇನು ಮಾಡೋಣ?”

ನಾನು ಓದಿದ ಯಾವ ವಿಮರ್ಶಕನೂ ಇಷ್ಟು ನೇರವಾದ ಪ್ರಶ್ನೆಯನ್ನು ಕೇಳಿದ ನೆನಪಿಲ್ಲ. ಮನೆಗೆ ಬಂದು, ನನ್ನ ತಲೆಯೊಳಗಿನ ನಾಯಿಯನ್ನು ಅಲ್ಲಿಗೆ ತಂದು ಬಿಟ್ಟವರು ಯಾರೆಂದು ಹುಡುಕತೊಡಗಿದೆ.

ಮೊದಲು ಸಿಕ್ಕಿದ್ದು ಗಾದೆಗಳು. ನಾಯಿ ಬಾಲ ಡೊಂಕು ಎನ್ನುತ್ತೇವೆ. ಎಂದರೆ ಅದರ ಸ್ವಭಾವ ಹುಟ್ಟುತ್ತಲೇ ಬಂದದ್ದು, ತಿದ್ದುವ ಕಷ್ಟ ಬೇಡ ಎಂದಾಯಿತು. ಬೊಗಳುವ ನಾಯಿ ಕಚ್ಚುವುದಿಲ್ಲ ಎನ್ನುತ್ತೇವೆ. ಮನುಷ್ಯರ ಬಡಾಯಿಯ ಮಟ್ಟಿಗೆ ಇದು ಒಳ್ಳೆಯ ಗಾದೆ. ನಾಯಿಯ ಮಟ್ಟಿಗೆ ಶುದ್ಧ ಸುಳ್ಳು. ಹೆದರಿ ಬೊಗಳುವ ನಾಯಿ ಮೂಲೆ ಸೇರಿದಾಗ ಕಚ್ಚಿಯೇ ಕಚ್ಚುತ್ತದೆ. ನಮ್ಮ ಗಾದೆಗಳಲ್ಲಿ ನಾಯಿಯ ಹೆಸರಿದೆ, ಮಾತೆಲ್ಲ ಮನುಷ್ಯನದು.

ಆಮೇಲೆ ಮಹಾಪ್ರಸ್ಥಾನದ ನಾಯಿ. ಕುಮಾರವ್ಯಾಸ ಹತ್ತು ಪರ್ವಗಳಿಗೇ ಕೈಯಿಟ್ಟದ್ದರಿಂದ ಅವನ ಗಮಕದಲ್ಲಿ ಈ ನಾಯಿಯ ಸದ್ದಿಲ್ಲ; ಆದರೂ ಕಥೆಯನ್ನು ಕೇಳದವರಿಲ್ಲ. ಐವರು ಪಾಂಡವರು, ದ್ರೌಪದಿ, ಏಳನೆಯದಾಗಿ ಒಂದು ನಾಯಿ. ಒಬ್ಬೊಬ್ಬರಾಗಿ ಬಿದ್ದ ಮೇಲೂ ಉಳಿದು ಬಂದ ನಾಯಿಯನ್ನು ಬಿಟ್ಟು ರಥವೇರೆಂದು ಇಂದ್ರ ಹೇಳುತ್ತಾನೆ; ಧರ್ಮರಾಯ ಒಲ್ಲೆನೆನ್ನುತ್ತಾನೆ. ಇದನ್ನು ನಾಯಿಯ ನಿಯತ್ತಿನ ಕಥೆಯೆಂದು ಮಕ್ಕಳಿಗೆ ಹೇಳುತ್ತೇವೆ. ಮತ್ತೊಮ್ಮೆ ನೋಡಿದರೆ, ಪರೀಕ್ಷೆ ನಡೆದದ್ದು ನಾಯಿಗಲ್ಲ. ನಂಬಿ ಬಂದದ್ದನ್ನು ಕೈಬಿಡಬಾರದೆಂಬ ಹೊಣೆ ಮನುಷ್ಯನದು. ನಿಯತ್ತು ತೋರಬೇಕಾದವನೂ ಅವನೇ. ಈ ಒಂದು ವಿಷಯದಲ್ಲಿ ವ್ಯಾಸರು ನಮಗಿಂತ ಬಹಳ ಮುಂದಿದ್ದಾರೆ. ಆದರೆ ಕೊನೆಗೆ ನಾಯಿ ಮಾಯವಾಗಿ ಧರ್ಮದೇವತೆ ನಿಲ್ಲುತ್ತಾನೆ. ನಾಯಿ ನಾಯಿಯಾಗಿಯೇ ರಥವೇರಿದ್ದರೆ ಸ್ವರ್ಗದಲ್ಲಿ ಅದರೊಡನೆ ಬಾಳುವುದು ಹೇಗೆಂಬ ತೊಡಕು ಬರುತ್ತಿತ್ತು. ಕಥೆ ಅದರಿಂದ ಜಾಣತನದಿಂದ ಪಾರಾಗಿದೆ.

ನಮ್ಮ ಕಾದಂಬರಿಗಳಿಗೆ ಬಂದರೆ, ನನ್ನನ್ನು ಹೆಚ್ಚಾಗಿ ಆಳಿದವನು 1967ರಲ್ಲಿ ಪ್ರಕಟವಾದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಹುಲಿಯ. ಕುವೆಂಪು ಅವರ ಆ ಗುತ್ತಿಗೆ ನಾಯಿಗುತ್ತಿ ಎಂದು ಹೆಸರು ಬಂದದ್ದೇ ಈ ನಾಯಿಯಿಂದ. ಜಾತಿಯಿಂದ ಕೆಳಗಿಟ್ಟ, ಸ್ವಂತಕ್ಕೆಂದು ಏನೂ ಇಲ್ಲದ ಒಬ್ಬ ಜೀತದಾಳು. ಲೋಕದಲ್ಲಿ ಅವನ ಮಾತಿಗೆ ಬಾಲವಾಡಿಸುವ ಜೀವ ಹುಲಿಯ ಒಂದೇ. ಮಳೆಗಾಲದ ತುಂಗೆಯಲ್ಲಿ, ಒಡೆಯನ ಹಿಂದೆಯೇ ಹೊರಟ ಹುಲಿಯ ಹೊಳೆಯ ಪಾಲಾಗುವ ಭಾಗವನ್ನು ಓದಿ ಕಣ್ಣೊದ್ದೆಯಾಗದವರು ವಿರಳ. ಕುವೆಂಪು ಇಲ್ಲಿ ತಪ್ಪಿದ್ದಾರೆಂದು ನಾನು ಹೇಳುವುದಿಲ್ಲ. ಗುತ್ತಿಗೆ ಹುಲಿಯ ಏನಾಗಿತ್ತೆಂಬುದಕ್ಕೆ ಗುತ್ತಿಯ ಇಡೀ ಬಾಳು ಕಾರಣವಾಗಿ ನಿಂತಿದೆ. ಆ ಕಾಡು, ಆ ಕಾಲ, ಆ ದಾಸ್ಯದಲ್ಲಿ ಅಂಥ ನಾಯಿ ಸಹಜ. ತಪ್ಪಿದವನು ಓದುಗ. ಮೂವತ್ತು ಅಡಿ ಅಗಲದ ಬೀದಿಯಲ್ಲಿ, ಗೋಡೆಗೆ ಗೋಡೆ ತಗುಲಿದ ಮನೆಯಲ್ಲಿ ಕುಳಿತು ಹುಲಿಯನನ್ನು ಸಾಕಲು ಹೊರಟವನು ನಾನು.

ಇದೇ ರೋಗವನ್ನು ತನ್ನ ಮೈಮೇಲೆಯೇ ಪರೀಕ್ಷಿಸಿ ಬರೆದ ಒಂದು ಇಂಗ್ಲಿಷ್ ಪುಸ್ತಕವಿದೆ: ಜೆ. ಆರ್. ಆಕರ್ಲಿ ಅವರ ‘ಮೈ ಡಾಗ್ ಟ್ಯುಲಿಪ್’, 1956ರದು. ಟ್ಯುಲಿಪ್ ಒಂದು ಅಲ್ಸೇಶಿಯನ್ ಹೆಣ್ಣು ನಾಯಿ. ಒಡೆಯನಲ್ಲಿ ಅದಕ್ಕೆ ಅಸಾಧ್ಯ ಪ್ರೀತಿ, ಉಳಿದ ಜಗತ್ತಿನ ಮೇಲೆ ಅಸಾಧ್ಯ ಕೋಪ. ಯಾವ ಪಶುವೈದ್ಯನೂ ಹತ್ತಿರ ಸುಳಿಯುವಂತಿಲ್ಲ. ಕೊನೆಗೆ ಒಬ್ಬ ವೈದ್ಯೆ ಆಕರ್ಲಿಯವರನ್ನೇ ಕೋಣೆಯಿಂದ ಹೊರಗೆ ಕಳುಹಿಸುತ್ತಾಳೆ. ಒಡೆಯ ಮರೆಯಾದೊಡನೆ ನಾಯಿ ಸಾಧುವಾಗಿ ನಿಲ್ಲುತ್ತದೆ. ತೊಂದರೆ ನಾಯಿಯಲ್ಲಿಲ್ಲ, ನಿನ್ನಲ್ಲಿದೆ ಎಂದು ಅವಳು ಹೇಳುವ ಆ ಪ್ರಸಂಗವನ್ನು ಆಸ್ಪತ್ರೆಯಿಂದ ಬಂದ ವಾರವೇ ಮತ್ತೆ ಓದಿದೆ. ಮೊದಲ ಓದಿನಲ್ಲಿ ನಗು ಬಂದಿತ್ತು.

ವಿಜ್ಞಾನವೂ ನನ್ನಾಕೆಯ ಪಕ್ಷವನ್ನೇ ವಹಿಸಿದೆ. ಅಮೆರಿಕದ ಬಾರ್ ಹಾರ್ಬರಿನ ಜಾಕ್ಸನ್ ಪ್ರಯೋಗಶಾಲೆಯಲ್ಲಿ ವರ್ಷಗಟ್ಟಲೆ ಮರಿಗಳನ್ನು ಗಮನಿಸಿದ ಸ್ಕಾಟ್ ಮತ್ತು ಫುಲ್ಲರ್, 1965ರ ತಮ್ಮ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾರೆ. ಮೂರನೆಯ ವಾರದಿಂದ ಹನ್ನೆರಡನೆಯ ವಾರದ ಸುಮಾರಿನವರೆಗೆ ಮರಿಯ ಮನಸ್ಸಿನ ಬಾಗಿಲು ತೆರೆದಿರುತ್ತದೆ. ಆಗ ಕಂಡ ಮನುಷ್ಯರು, ಮಕ್ಕಳು, ಸದ್ದುಗಳು ಅದಕ್ಕೆ ಲೋಕದ ಭಾಗ. ಆಗ ಕಾಣದ್ದು ಮುಂದೆ ಅಪರಿಚಿತ, ಭಯದ ಕಾರಣ. ಹದಿನಾಲ್ಕು ವಾರ ಮನುಷ್ಯರ ಸೋಂಕಿಲ್ಲದೆ ಬೆಳೆಸಿದ ಮರಿಗಳು ಆಮೇಲೆ ಸುಲಭವಾಗಿ ಪಳಗಲಿಲ್ಲವೆಂದು 1961ರಲ್ಲೇ ಪ್ರಕಟವಾಗಿತ್ತು. ಲಸಿಕೆಯ ಸರಣಿ ಮುಗಿಯುವುದೋ ಹದಿನಾರು ವಾರದ ಹೊತ್ತಿಗೆ. ಹೀಗಾಗಿ ರೋಗಕ್ಕೆ ಹೆದರಿ ಒಳಗಿಟ್ಟ ಮರಿಗೆ ಬಾಗಿಲು ಮುಚ್ಚಿಹೋಗುತ್ತದೆ. ಈ ಇಕ್ಕಟ್ಟನ್ನು ಕಂಡೇ ಅಮೆರಿಕದ ಪ್ರಾಣಿವರ್ತನೆಯ ಪಶುವೈದ್ಯರ ಸಂಘ, ಲಸಿಕೆಗಳು ಮುಗಿಯುವ ಮೊದಲೇ ಎಚ್ಚರಿಕೆಯಿಂದ ಮರಿಗೆ ಲೋಕವನ್ನು ತೋರಿಸಬೇಕೆಂದು 2008ರಲ್ಲಿ ಹೇಳಿತು. ಮಾಡಬೇಕಾದದ್ದು ದೊಡ್ಡದೇನೂ ಅಲ್ಲ. ನೆಲಕ್ಕೆ ಬಿಡದೆ, ಕಂಕುಳಲ್ಲಿ ಎತ್ತಿಕೊಂಡು ಬೀದಿಯ ತುದಿಯವರೆಗೆ ಹೋಗಿ ಆಟೋ, ಕೊಡೆ, ಹೆಲ್ಮೆಟ್ಟು, ಶಾಲೆಯ ಮಕ್ಕಳು ಇವನ್ನೆಲ್ಲ ತೋರಿಸಿ ತಂದರೆ ಆಯಿತು. ನಾಲ್ಕು ಜನರನ್ನು ನೋಡಿ ಬೆಳೆಯಲಿ ಎಂಬ ಮಾತಿನಲ್ಲಿ ಇದೆಲ್ಲ ಅಡಗಿತ್ತು, ನಾನು ನಕ್ಕಿದ್ದೆ.

ಹಾಗಾದರೆ ನಾಯಿಯ ಬಾಳನ್ನು ಬರೆದವರೇ ನಮ್ಮಲ್ಲಿಲ್ಲವೆ? ಇದ್ದಾರೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980), ‘ಪರಿಸರದ ಕಥೆ’ (1991) ಇವುಗಳಲ್ಲಿ ಬರುವ ಕಿವಿಯನ್ನು ನೆನೆಯಿರಿ. ಅದು ಯಾವುದರ ಸಂಕೇತವೂ ಅಲ್ಲ, ಯಾರಿಗಾಗಿಯೂ ಹುತಾತ್ಮವಾಗಬೇಕಿಲ್ಲ. ತನ್ನ ಹಟ, ತನ್ನ ಮೂಗು, ತನ್ನ ಲೆಕ್ಕಾಚಾರಗಳನ್ನು ಇಟ್ಟುಕೊಂಡು ಒಡೆಯನ ಜೊತೆಗೆ ಕಾಡು ತೋಟಗಳಲ್ಲಿ ಓಡಾಡುತ್ತದೆ. ತೇಜಸ್ವಿ ಅದನ್ನು ಹೊಗಳುವುದಕ್ಕಿಂತ ಹೆಚ್ಚಾಗಿ ನೋಡುತ್ತಾರೆ. ನೋಡುವುದು ಹೊಗಳುವುದಕ್ಕಿಂತ ಕಷ್ಟವೆಂದು ನಾಯಿ ಸಾಕಿದವರಿಗೆ ಗೊತ್ತು.

2022ರಲ್ಲಿ ತೆರೆಗೆ ಬಂದ ‘777 ಚಾರ್ಲಿ’ ಚಿತ್ರದ ಮಾತನ್ನೂ ಇಲ್ಲಿ ಆಡಬೇಕು. ಯಾರೊಡನೆಯೂ ಬೆರೆಯದ ಧರ್ಮ ಎಂಬ ಒಂಟಿ ಮನುಷ್ಯನ ಬಾಳಿನೊಳಕ್ಕೆ ಒಂದು ಲ್ಯಾಬ್ರಡಾರ್ ನುಗ್ಗುತ್ತದೆ. ಮನೆಯನ್ನೆಲ್ಲ ಕಿತ್ತು ಹರಡುತ್ತದೆ. ಅವನನ್ನು ಪಕ್ಕದ ಮನೆಯ ಪುಟ್ಟ ಹುಡುಗಿಯ ಕಡೆಗೆ, ಕಾಲೋನಿಯ ಜನರ ಕಡೆಗೆ ಎಳೆದು ತರುತ್ತದೆ. ಇಲ್ಲಿ ನಾಲ್ಕು ಜನರ ನಡುವೆ ಬಾಳಲು ಕಲಿಯುವವನು ಮನುಷ್ಯ. ನಮ್ಮ ಬರಹಗಾರರಿಗೆ ಹೊಳೆಯದ ವಿಷಯ ನಿರ್ದೇಶಕ ಕಿರಣ್‌ರಾಜ್ ಅವರಿಗೆ ಹೊಳೆದಿದೆ. ಆ ಮೊದಲರ್ಧವನ್ನು ನಾನು ಎರಡು ಸಲ ನೋಡಿದೆ. ಹತ್ತಿರದ ರಕ್ತಸಂಬಂಧದಲ್ಲಿ ಮರಿ ಹಾಕಿಸಿ ಮಾರುವವರ ಪಾಪವನ್ನು ಬಯಲಿಗೆಳೆದದ್ದೂ ಚಿತ್ರದ ಹಿರಿಮೆ. ಆದರೆ ಉತ್ತರಾರ್ಧದಲ್ಲಿ ನಾಯಿಗೆ ರೋಗ ಬರುತ್ತದೆ, ಹಿಮದ ನಾಡಿಗೆ ಪಯಣ ಹೊರಡುತ್ತದೆ, ಚಿತ್ರಮಂದಿರ ಅಳುತ್ತದೆ. ಮತ್ತೆ ಆತಕೂರಿನ ಕಲ್ಲಿಗೇ ಬಂದು ನಿಂತೆವು. ಚಾರ್ಲಿ ಬದುಕಿ, ಮುದಿಯಾಗಿ, ಕಾಲೋನಿಯ ಗೇಟಿನ ಬಳಿ ಬಿಸಿಲು ಕಾಯಿಸಿಕೊಂಡಿದ್ದರೆ ಕಥೆಯಾಗುತ್ತಿರಲಿಲ್ಲವೆ? ಆಗುತ್ತಿತ್ತು, ಆದರೆ ಬರೆಯುವುದು ಇನ್ನೂ ಕಷ್ಟವಾಗುತ್ತಿತ್ತು.

ಕೆಂಚನನ್ನು ಎಲ್ಲಿಗಾದರೂ ಬಿಟ್ಟು ಬನ್ನಿ ಎಂದವರು ಹಲವರು. ನನಗೂ ಒಂದು ರಾತ್ರಿ ಆ ಯೋಚನೆ ಬಂದಿತ್ತೆಂದು ಒಪ್ಪಿಕೊಳ್ಳುತ್ತೇನೆ. ಧರ್ಮರಾಯನ ಕಥೆಯನ್ನು ಹೇಳುತ್ತ ಬೆಳೆದವನಿಗೆ ಅದು ಸಾಧ್ಯವಾಗಲಿಲ್ಲ. ಬಾಯಿಗೆ ಕುಕ್ಕೆ ಹಾಕಿ, ಬೀದಿಯ ಕೊನೆಯಲ್ಲಿ ನಿಲ್ಲಿಸಿಕೊಂಡು ದೂರದಿಂದ ಜನರನ್ನು ತೋರಿಸತೊಡಗಿದೆ. ನೋಡಿಯೂ ಸುಮ್ಮನಿದ್ದರೆ ಕುಕ್ಕೆಯ ಸಂದಿನಿಂದ ಬೇಯಿಸಿದ ಮೊಟ್ಟೆಯ ಚೂರು. ಗುರ್ರೆಂದರೆ ಹೊಡೆಯಲಿಲ್ಲ. ಗುರ್ರೆನ್ನುವುದು ನಾಯಿಯ ಎಚ್ಚರಿಕೆ. ಅದನ್ನು ಹೊಡೆದು ಅಡಗಿಸಿದರೆ ಮುಂದಿನ ಸಲ ಎಚ್ಚರಿಕೆಯಿಲ್ಲದೆ ಕಚ್ಚುತ್ತದೆ. ಸುಮ್ಮನೆ ನಾಲ್ಕು ಹೆಜ್ಜೆ ಹಿಂದಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಊಟವನ್ನು ಈಗ ನನ್ನಾಕೆ ಹಾಕುತ್ತಾಳೆ, ಮಗಳು ಹಾಕುತ್ತಾಳೆ. ಎಂಟು ವಾರದಲ್ಲಿ ಆಗಬಹುದಾಗಿದ್ದ ಕೆಲಸಕ್ಕೆ ಎರಡು ವರ್ಷ ಹಿಡಿಯಿತು, ಅದೂ ಅರ್ಧವೇ ಆಗಿದೆ. ಕೆಂಚ ಊರವರನ್ನೆಲ್ಲ ಪ್ರೀತಿಸುವುದಿಲ್ಲ. ನಾನೂ ಪ್ರೀತಿಸುವುದಿಲ್ಲ. ಜನ ಹಾದುಹೋಗುವಾಗ ಹೋಗಲಿ ಎಂದು ಬಿಡುವಷ್ಟು ನಾಗರಿಕತೆ ಇಬ್ಬರಿಗೂ ಬಂದಿದೆ.

ಎದುರು ಮನೆಯ ಹುಡುಗ ಈಗ ಎತ್ತರವಾಗಿದ್ದಾನೆ. ಅವನ ಚೆಂಡು ಇನ್ನೂ ನಮ್ಮ ಕಾಂಪೌಂಡಿಗೇ ಬೀಳುತ್ತದೆ. ಗೇಟಿನ ಹೊರಗೆ ನಿಂತು, “ಅಂಕಲ್, ಕೆಂಚನ್ನ ಹಿಡ್ಕೊಂಡಿದ್ದೀರಾ?” ಎಂದು ಕೇಳಿ, ಹ್ಞೂಂ ಎಂದ ಮೇಲೆಯೇ ಒಳಗೆ ಬರುತ್ತಾನೆ. ಮುಂಗೈಯ ಕಲೆ ಹಾಗೆಯೇ ಇದೆ. ಕೆಂಚ ಮಲಗಿದಲ್ಲಿಂದಲೇ ಒಂದು ಕಿವಿ ಎತ್ತಿ ನೋಡಿ ಮತ್ತೆ ಇಳಿಸುತ್ತಾನೆ. ಇಷ್ಟಕ್ಕೆ ಯಾರೂ ಕಲ್ಲು ನಿಲ್ಲಿಸುವುದಿಲ್ಲ. ಆದರೆ ನಮ್ಮ ಕಥೆಗಾರರಲ್ಲಿ ಯಾರಾದರೂ ಇದನ್ನು ಬರೆಯಲಿ ಎಂದು ಕೇಳಿಕೊಳ್ಳುತ್ತೇನೆ. ಮರಿಯೊಂದನ್ನು ಮನೆಗೆ ತರುವ ಮುನ್ನ ಓದಿಕೊಳ್ಳುವುದಕ್ಕೆ ನಮ್ಮ ಭಾಷೆಯಲ್ಲಿ ಅಂಥದೂ ಒಂದಿಷ್ಟು ಇರಬೇಕು.